ಮಳೆಯ ಲೆಕ್ಕ

ನಮ್ಮ ಜನಕ್ಕೆ ಲೆಕ್ಕ ಬರೆದಿಡುವ ಅಭ್ಯಾಸವಿಲ್ಲವೆಂದು ಹೇಳುವವರು ನಮ್ಮ ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದವರಲ್ಲ. ಕೊಟ್ಟ ಸಾಲ, ತಂದ ಬೀಜ, ಮದುವೆಯ ಮುಯ್ಯಿ, ಗದ್ದೆಯ ಗೇಣಿ, ಎಲ್ಲಕ್ಕೂ ನಮ್ಮಲ್ಲಿ ಕಡತವುಂಟು. ಕೊರತೆ ಇರುವುದು ಬೇರೆಯ ಕಡೆ. ಸ್ವಂತದ ವಸ್ತುವಿಗೆ ಕಾಸು ಬಿಡದಂತೆ ಲೆಕ್ಕವಿಡುವ ನಾವು, ಎಲ್ಲರಿಗೂ ಸೇರಿದ ಗಾಳಿಗೆ, ನೀರಿಗೆ, ಮಳೆಗೆ ಲೆಕ್ಕವಿಡುವಾಗ ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. 'ಇದನ್ನು ಯಾರು ನೋಡುತ್ತಾರೆ?' ಎಂಬ ಮಾತು ನಮ್ಮ ಕೈಯನ್ನು ಸಡಿಲಮಾಡುತ್ತದೆ. ಹೀಗೆ ಉಪದೇಶ ಹೇಳಹೊರಟವನ ಕಡತವು ಮೊದಲು ಶುದ್ಧವಾಗಿರತಕ್ಕದ್ದು. ನನ್ನದು ಶುದ್ಧವಾಗಿರಲಿಲ್ಲ. ಆ ಸಂಗತಿಯನ್ನು ಒಪ್ಪಿಕೊಳ್ಳುವ ಬುದ್ಧಿಯು ನನಗೆ ಯೂರೋಪ್ ಖಂಡದ ಕೆಲವು ಸಂಸ್ಥೆಗಳ ವೃತ್ತಾಂತವನ್ನು ಕೇಳಿದುದರಿಂದ ಬಂದಿತು. ಎರಡನ್ನೂ ಒಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ.

೧೯೮೬ರಿಂದ ೨೦೧೭ರವರೆಗೆ ನಾನು ಮಲೆನಾಡಿನ ಸೆರಗಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಕನ್ನಡಗಳ ಉಪಾಧ್ಯಾಯನಾಗಿದ್ದೆ. ಶಾಲೆಯ ಹಿಂದಣ ಬಯಲಿನಲ್ಲಿ ಒಂದು ಮಳೆಮಾಪಕವಿದ್ದಿತು. ವಿಜ್ಞಾನದ ಮೇಷ್ಟರು ಎರಡು ವರ್ಷಕ್ಕೊಬ್ಬರಂತೆ ವರ್ಗವಾಗಿ ಹೋಗುತ್ತಿದ್ದುದರಿಂದ, ಎಲ್ಲಿಗೂ ಹೋಗದ ಸಂಸ್ಕೃತ ಪಂಡಿತನ ಕೊರಳಿಗೆ ಆ ಕೆಲಸ ಬಿದ್ದಿತು. ದಿನವೂ ಬೆಳಗ್ಗೆ ಎಂಟೂವರೆ ಗಂಟೆಗೆ ಹೋಗಿ, ಸೀಸೆಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಮಿಲಿಮೀಟರುಗಳನ್ನು ಓದಿ, ಕಡತದಲ್ಲಿ ಬರೆದು, ತಿಂಗಳ ಕೊನೆಯಲ್ಲಿ ಒಂದು ಪ್ರತಿಯನ್ನು ಮೇಲಿನ ಕಚೇರಿಗೆ ಕಳುಹಿಸುವುದು. ನನಗೆ ಇದು ಪರಕೀಯವಾದ ವಿದ್ಯೆಯಾಗಿ ತೋರಲಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಬಳಿ ಒಂದು ಅರತ್ನಿ ಅಗಲದ ಬಾಯಿಯುಳ್ಳ ಕುಂಡವನ್ನಿಟ್ಟು ಮಳೆಯನ್ನಳೆಯಬೇಕೆಂದು ವಿಧಿಸಿರುವುದನ್ನೂ, ಯಾವ ಯಾವ ದೇಶದಲ್ಲಿ ಎಷ್ಟು ದ್ರೋಣ ಮಳೆಯೆಂಬುದನ್ನು ಎಣಿಸಿರುವುದನ್ನೂ ಪಾಠಶಾಲೆಯಲ್ಲಿ ಓದಿದ್ದೆ. ಕೊಡೆ ಹಿಡಿದು ಬಯಲಿಗಿಳಿದಾಗಲೆಲ್ಲ ನಾನು ಆ ಕೋಷ್ಠಾಗಾರದ ಒಬ್ಬ ಕಿರಿಯ ಗುಮಾಸ್ತೆಯೆಂದು ಹೆಮ್ಮೆಪಡುತ್ತಿದ್ದುದುಂಟು. ಕಚೇರಿಯ ಪ್ರತಿಯಲ್ಲದೆ ಮನೆಯಲ್ಲಿಯೂ ಒಂದು ಪ್ರತಿಯನ್ನು ಬರೆದಿಟ್ಟುಕೊಂಡೆ. ಹಾಗೆ ಬೆಳೆದ ನೋಟುಪುಸ್ತಕಗಳು ಮೂವತ್ತೊಂದು.

೨೦೨೫ರ ಶ್ರಾವಣದಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ನಮ್ಮ ಮನೆಗೆ ಬಂದಳು. ಈಗ ಅವಳಿರುವುದು ಜರ್ಮನಿಯ ಬಾನ್ ನಗರದಲ್ಲಿ. ಕೆಲಸಮಾಡುವುದು ಯೂರೋಪಿನ ರಾಷ್ಟ್ರಗಳು ಕೂಡಿ ನಡೆಸುವ ಮಧ್ಯಮಾವಧಿ ಹವಾಮುನ್ಸೂಚನೆಯ ಕೇಂದ್ರದಲ್ಲಿ. ಹಣ್ಣು ಕಾಯಿ ಮುಂದಿಟ್ಟು ನಮಸ್ಕರಿಸಿದ ಮೇಲೆ ಅವಳು ಕೇಳಿದ ಮೊದಲನೆಯ ಮಾತೇ, "ಗುರುಗಳೆ, ಆ ಮಳೆಯ ಪುಸ್ತಕಗಳು ಇನ್ನೂ ಇವೆಯೆ?" ಎಂಬುದು. ಇವೆಯೆಂದೆ. "ಪುಟಪುಟದ ಚಿತ್ರವನ್ನು ತೆಗೆದುಕೊಂಡು ಹೋಗಲು ಅಪ್ಪಣೆಯಾಗಬೇಕು" ಎಂದಳು. ಪ್ರಪಂಚದಲ್ಲಿ ಹೀಗೆ ಕಾಗದದ ಮೇಲೆಯೇ ಉಳಿದು ಗೆದ್ದಲಿನ ಪಾಲಾಗುತ್ತಿರುವ ಹಳೆಯ ಹವಾಮಾನದ ಬರಹಗಳನ್ನು ಹುಡುಕಿ ಉಳಿಸುವುದು ಅಲ್ಲಿ ಒಂದು ಬೇರೆಯ ಉದ್ಯೋಗವೇ ಆಗಿದೆಯಂತೆ. ನನಗೆ ಒಮ್ಮೆ ಸಂತೋಷವಾಯಿತು. ಮರುಗಳಿಗೆಯಲ್ಲಿ ಎದೆ ಧಸಕ್ಕೆಂದಿತು. ಐದನೆಯ ಪುಸ್ತಕದಲ್ಲಿ ಹನ್ನೊಂದು ದಿನಗಳಿದ್ದವು. ಅವುಗಳ ಗುಟ್ಟು ನನಗಲ್ಲದೆ ಮತ್ತೊಬ್ಬರಿಗೆ ತಿಳಿದಿರಲಿಲ್ಲ. "ನಾಳೆ ನೋಡೋಣ" ಎಂದುಬಿಟ್ಟೆ. ಅವಳು ಆ ರಾತ್ರಿ ನಮ್ಮಲ್ಲಿಯೇ ಉಳಿದಳು. ಊಟದ ಮೇಲೆ ಜಗಲಿಯಲ್ಲಿ ಕುಳಿತು ಅವಳು ಹೇಳಿದ ವಿಷಯಗಳನ್ನೂ, ಆಮೇಲೆ ನಾನಾಗಿ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಆ ಕೇಂದ್ರವು ಹುಟ್ಟಿದುದು ೧೯೭೫ರಲ್ಲಿ, ಇಂಗ್ಲೆಂಡಿನಲ್ಲಿ. ನಾಲ್ಕಾರು ದಿನ ಮುಂದಿನ ಹವೆಯನ್ನು ಗಣಿಸಿ ಹೇಳುವುದಕ್ಕೆ ಬೇಕಾದ ಯಂತ್ರವನ್ನೂ ವಿದ್ವಾಂಸರನ್ನೂ ಒಂದೊಂದು ರಾಷ್ಟ್ರವೇ ಬೇರೆಬೇರೆಯಾಗಿ ಹೊಂದಿಸುವುದು ಕಷ್ಟವೆಂದು ಕಂಡುಕೊಂಡು, ಮೂವತ್ತು ವರ್ಷಗಳ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಸುರಿದುಕೊಂಡಿದ್ದ ದೇಶಗಳೇ ಕೂಡಿಕೊಂಡವು. ಈಗ ಆ ಕೇಂದ್ರದ ಗಣಕಯಂತ್ರಗಳಿರುವುದು ಇಟಲಿಯ ಬೊಲೋನ್ಯ ನಗರದಲ್ಲಿ, ಹಿಂದೆ ಹೊಗೆಸೊಪ್ಪಿನ ಕಾರ್ಖಾನೆಯಾಗಿದ್ದ ಆವರಣದಲ್ಲಿ. ಹೊಗೆಯನ್ನು ಮಾರುತ್ತಿದ್ದ ಸ್ಥಳವು ಹೊಗೆಯ ಲೆಕ್ಕವನ್ನಿಡುವ ಸ್ಥಳವಾಯಿತೆಂದು ನಾನು ನಗಾಡಿದೆ. ಅದು ಬರಿಯ ಹಾಸ್ಯವಲ್ಲವೆಂದು ಅವಳೆಂದಳು. ಯೂರೋಪಿಯನ್ ಒಕ್ಕೂಟವು ಕೋಪರ್ನಿಕಸನ ಹೆಸರಿನಲ್ಲಿ ನಡೆಸುವ ಭೂವೀಕ್ಷಣೆಯ ಯೋಜನೆಯೊಂದುಂಟು. ಆ ಯೋಜನೆಯ ಮೊದಲನೆಯ ಕೃತಕೋಪಗ್ರಹವು ೨೦೧೪ರ ಏಪ್ರಿಲ್ ೩ರಂದು ಆಕಾಶಕ್ಕೇರಿತು. ಹವಾಗುಣ ಬದಲಾಗುತ್ತಿರುವ ಬಗೆಯನ್ನೂ ವಾತಾವರಣದ ಕಲ್ಮಶವನ್ನೂ ಗಣಿಸುವ ಅದರ ಭಾಗಗಳು ಈ ಕೇಂದ್ರದ ಕೈಯಲ್ಲಿವೆ. ೨೦೨೪ನೆಯ ವರ್ಷದಲ್ಲಿ ಭೂಮಿಯ ಸರಾಸರಿ ಶಾಖವು ಕಳೆದ ಶತಮಾನದ ಹಿಂದಣ, ಅಂದರೆ ೧೮೫೦ರಿಂದ ೧೯೦೦ರವರೆಗಿನ, ಶಾಖಕ್ಕಿಂತ ೧.೬೦ ಡಿಗ್ರಿ ಹೆಚ್ಚಾಗಿದ್ದಿತೆಂದೂ, ಒಂದೂವರೆ ಡಿಗ್ರಿಯ ಗೆರೆಯನ್ನು ದಾಟಿದ ಮೊದಲನೆಯ ವರ್ಷ ಅದೇ ಎಂದೂ ೨೦೨೫ರ ಜನವರಿಯಲ್ಲಿ ಸಾರಿದವರು ಇವರೇ.

ಇದೆಲ್ಲವೂ ನಿನ್ನೆ ಮೊನ್ನೆಯ ಯಂತ್ರವೈಭವವೆಂದು ನಾನು ಭಾವಿಸಿದ್ದೆ. ಅವಳು ನನ್ನನ್ನು ೧೭೮೦ಕ್ಕೆ ಕರೆದುಕೊಂಡು ಹೋದಳು. ಆ ವರ್ಷ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಥಿಯೋಡೋರ್ ಎಂಬ ಅರಸನು ಒಂದು ಹವಾಮಾನಸಭೆಯನ್ನು ಸ್ಥಾಪಿಸಿದನು. ಅದರ ಕಾರ್ಯದರ್ಶಿ ಹೆಮ್ಮರ್ ಎಂಬಾತನು. ಆತನು ಮಾಡಿದುದು ಬಹಳ ಸರಳವಾದ ಕೆಲಸ: ಒಂದೇ ಮಾದರಿಯ ಉಪಕರಣಗಳನ್ನು ಮಾಡಿಸಿ, ಊರೂರುಗಳ ವಿದ್ಯಾಪೀಠಗಳಿಗೂ ಮಠಗಳಿಗೂ ಉಚಿತವಾಗಿ ಕಳುಹಿಸಿ, ದಿನಕ್ಕೆ ಮೂರು ಸಲ, ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ನೋಡಿ ಬರೆಯಿರೆಂದು ಪ್ರಾರ್ಥಿಸಿದನು. ರಷ್ಯದಿಂದ ಗ್ರೀನ್‌ಲೆಂಡಿನವರೆಗೆ, ಅಮೆರಿಕದವರೆಗೂ ಬರೆಯುವವರು ಸಿಕ್ಕಿದರು. ಬಂದ ಲೆಕ್ಕಗಳನ್ನೆಲ್ಲ ಆ ಸಭೆಯು ಲ್ಯಾಟಿನ್ ಭಾಷೆಯಲ್ಲಿ ಅಚ್ಚುಮಾಡಿಸಿತು. ಒಂದೊಂದು ದೇಶದ ಆಡುನುಡಿ ಒಂದೊಂದಾದರೂ ವಿದ್ವಾಂಸರ ನುಡಿ ಒಂದೇ ಆಗಿದ್ದುದರಿಂದ ಎಲ್ಲರೂ ಎಲ್ಲರ ಲೆಕ್ಕವನ್ನು ಓದಬಹುದಾಗಿದ್ದಿತು. ಕಾಶಿಯವನೂ ಕಾಲಟಿಯವನೂ ಸಂಸ್ಕೃತದಲ್ಲಿ ವಾದಮಾಡಿದ ನಾಡಿನವನಾದ ನನಗೆ ಇದರ ಸೊಗಸನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಫ್ರಾನ್ಸಿನ ಕ್ರಾಂತಿಯ ಯುದ್ಧಗಳ ನಡುವೆ, ೧೭೯೫ರಲ್ಲಿ ಆ ಸಭೆ ಮುಳುಗಿತು. ಆದರೆ ಬವೇರಿಯದ ಹೋಹೆನ್‌ಪೈಸೆನ್‌ಬರ್ಗ್ ಎಂಬ ಬೆಟ್ಟದ ಮೇಲೆ ೧೭೮೧ರಲ್ಲಿ ಮಠದ ಯತಿಗಳು ಬರೆಯತೊಡಗಿದ ಲೆಕ್ಕವು ಇಂದಿಗೂ ನಡೆಯುತ್ತಿದೆ. ಮಠ ಹೋಯಿತು, ಅರಸೊತ್ತಿಗೆ ಹೋಯಿತು, ಎರಡು ಮಹಾಯುದ್ಧಗಳು ಬಂದು ಹೋದವು. ಬೆಟ್ಟದ ಮೇಲೆ ಯಾರೋ ಒಬ್ಬರು ಶಾಖಮಾಪಕವನ್ನು ನೋಡಿ ಬರೆಯುತ್ತಲೇ ಬಂದರು. ನಮ್ಮ ದೇವಾಲಯಗಳ ನಂದಾದೀಪಕ್ಕೆ ಎಣ್ಣೆ ಹಾಕುವವನ ಹೆಸರನ್ನು ಯಾರೂ ಕೇಳುವುದಿಲ್ಲವಷ್ಟೆ; ದೀಪ ಆರದಿದ್ದರೆ ಸಾಕು. ಅದೂ ಹಾಗೆಯೇ ಎಂದು ನನಗೆ ತೋರಿತು.

ಈ ಲೆಕ್ಕದಿಂದ ಏನು ಫಲವೆಂದು ಕೇಳಬಹುದು. ನಾನೂ ಕೇಳಿದೆ. ಅವಳು ಹೇಳಿದ ಉತ್ತರದಲ್ಲಿ ನನ್ನ ನಿದ್ದೆ ಕೆಡಿಸಿದ ಮಾತು ಇದ್ದಿತು. ಆದುದರಿಂದ ಅದನ್ನು ತುಸು ವಿಸ್ತರಿಸುತ್ತೇನೆ. ಸ್ವೀಡನ್ನಿನ ಕೃಷಿವಿಜ್ಞಾನಿಗಳು ೧೯೪೦ರ ದಶಕದ ಕೊನೆಯಲ್ಲಿ ಅಲ್ಲಲ್ಲಿ ಪಾತ್ರೆಗಳನ್ನಿಟ್ಟು ಮಳೆಯ ನೀರನ್ನು ಹಿಡಿದು ಪರೀಕ್ಷಿಸಲಾರಂಭಿಸಿದರು. ಮಳೆಯ ಜೊತೆಯಲ್ಲಿ ಪೈರಿಗೆ ಎಷ್ಟು ಗೊಬ್ಬರದ ಸತ್ವ ಇಳಿಯುತ್ತದೆಯೆಂದು ತಿಳಿಯುವುದಷ್ಟೇ ಅವರ ಬಯಕೆ. ಮುಂದಿನ ದಶಕದಲ್ಲಿ ಈ ಪಾತ್ರೆಗಳು ಯೂರೋಪಿನ ಹಲವು ದೇಶಗಳಿಗೆ ಹಬ್ಬಿದವು. ಇಷ್ಟರಲ್ಲಿ ಸ್ವೀಡನ್, ನಾರ್ವೆಗಳ ಕೆರೆಗಳಲ್ಲಿ ಮೀನುಗಳು ಇಲ್ಲವಾಗುತ್ತ ಬಂದವು. ನೀರು ತಿಳಿಯಾಗಿಯೇ ಇದ್ದಿತು. ಸ್ವಾಂಟೆ ಓಡೆನ್ ಎಂಬ ಮಣ್ಣಿನ ವಿಜ್ಞಾನಿಯು ಆ ಮಳೆಪಾತ್ರೆಗಳ ಹಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದನು. ಮಳೆಯು ವರ್ಷದಿಂದ ವರ್ಷಕ್ಕೆ ಹುಳಿಯಾಗುತ್ತಿದ್ದಿತು. ಆ ಹುಳಿ ದೂರದೇಶಗಳ ಕಲ್ಲಿದ್ದಲ ಹೊಗೆಯ ಗಂಧಕದಿಂದ ಬಂದುದೆಂದು ಆತನು ೧೯೬೭ರಲ್ಲಿ ಸ್ಟಾಕ್‌ಹೋಮಿನ ದಿನಪತ್ರಿಕೆಯೊಂದರಲ್ಲಿ ಬರೆದನು. ಗೊಬ್ಬರವನ್ನು ತಿಳಿಯಲೆಂದು ಬರೆದ ಲೆಕ್ಕವು ವಿಷವನ್ನು ತೋರಿಸಿಕೊಟ್ಟಿತು. "ನೋಡಿ ಗುರುಗಳೆ, ಬರೆದವರಿಗೆ ತಾವು ಯಾವುದಕ್ಕಾಗಿ ಬರೆಯುತ್ತಿದ್ದೇವೆಂಬುದೇ ತಿಳಿದಿರಲಿಲ್ಲ. ಆದರೂ ಸರಿಯಾಗಿ ಬರೆದಿದ್ದರು" ಎಂದಳು. ನಾನು ಎಲೆಯಡಕೆಯ ತಟ್ಟೆಯನ್ನು ನೋಡುತ್ತ ಸುಮ್ಮನಿದ್ದೆ.

ನೆರೆಯವನ ಹೊಗೆಯಿಂದ ನನ್ನ ಕೆರೆ ಕೆಟ್ಟಿತೆಂದರೆ ನೆರೆಯವನು ಒಪ್ಪುತ್ತಾನೆಯೆ? ಇಂಗ್ಲೆಂಡು ಬಹುಕಾಲ ಒಪ್ಪಲಿಲ್ಲ. ಆಗ ಅವರು ಹಿಡಿದ ದಾರಿ ಗಮನಿಸತಕ್ಕದ್ದು. ಮೊದಲು ಹೊಗೆ ಬಿಡುವವರೂ ಹೊಗೆ ಕುಡಿಯುವವರೂ ಒಟ್ಟಿಗೆ ಕುಳಿತು ಒಂದೇ ಬಗೆಯಾಗಿ ಅಳೆಯುವುದೆಂದು ಒಪ್ಪಿಕೊಂಡರು. ೧೯೭೯ರ ನವೆಂಬರಿನಲ್ಲಿ ಜಿನೀವದಲ್ಲಿ ಮೂವತ್ತಕ್ಕೂ ಹೆಚ್ಚು ರಾಷ್ಟ್ರಗಳು ಗಡಿ ದಾಟುವ ವಾಯುಕಲ್ಮಶದ ವಿಚಾರವಾಗಿ ಒಂದು ಒಡಂಬಡಿಕೆಗೆ ರುಜುಹಾಕಿದವು. ಜಗಳವಾಡುತ್ತಿದ್ದ ಪೂರ್ವ ಪಶ್ಚಿಮ ಬಣಗಳೆರಡೂ ಅದರಲ್ಲಿದ್ದವು. ಅದರ ಕೆಳಗೆ ಮೊದಲನೆಯದಾಗಿ, ೧೯೮೪ರಲ್ಲಿ, ಆದ ಕರಾರು ಯಾವುದೆಂದು ಬಲ್ಲಿರಾ? ಹೊಗೆಯನ್ನು ಕಡಿಮೆಮಾಡುವುದಲ್ಲ; ಅಳತೆಯ ಖರ್ಚನ್ನು ಯಾರು ಯಾರು ಎಷ್ಟೆಷ್ಟು ಕೊಡಬೇಕೆಂಬುದು. ಗಂಧಕವನ್ನು ನೂರಕ್ಕೆ ಮೂವತ್ತರಷ್ಟು ಇಳಿಸಬೇಕೆಂಬ ಕರಾರು ಬಂದುದು ಮರುವರ್ಷ, ಹೆಲ್ಸಿಂಕಿಯಲ್ಲಿ. ಅದಕ್ಕೆ ಇಂಗ್ಲೆಂಡು ಆಗ ರುಜುಹಾಕಲಿಲ್ಲ. ೧೯೯೪ರ ಓಸ್ಲೋ ಕರಾರಿಗೆ ಹಾಕಿತು. ಇಂದು ಯೂರೋಪಿನ ಗಾಳಿಯಲ್ಲಿ ಗಂಧಕವು ಅಂದಿನ ಒಂದು ಸಣ್ಣ ಪಾಲಿಗೆ ಇಳಿದಿದೆ. ಸತ್ತಿದ್ದ ಕೆರೆಗಳು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿವೆ. ನಮ್ಮಲ್ಲಿ ಎರಡು ಊರುಗಳಿಗೆ ಒಂದು ಕಾಲುವೆಯ ನೀರಿನ ವ್ಯಾಜ್ಯ ಬಂದರೆ ತೀರ್ಪು ಮೊದಲು, ಅಳತೆ ಆಮೇಲೆ. ಅಳತೆಯಲ್ಲಿ ಒಮ್ಮತವಾದರೆ ತೀರ್ಪಿನ ಅರ್ಧದಷ್ಟು ಕೆಲಸ ಮುಗಿದಂತೆಯೇ ಎಂಬುದನ್ನು ನಾವು ಇವರಿಂದ ಕಲಿಯಬಹುದು.

ಇಂತಹ ಲೆಕ್ಕಗಳನ್ನೆಲ್ಲ ಕೂಡಿಸಿ ಓದಿ ಹೇಳುವುದಕ್ಕೆಂದೇ ಅವರು ೧೯೯೦ರಲ್ಲಿ ಒಂದು ಪರಿಸರ ಸಂಸ್ಥೆಯನ್ನು ಕಾನೂನಿನಿಂದ ಸ್ಥಾಪಿಸಿದರು. ಅದು ೧೯೯೪ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕೆಲಸಕ್ಕೆ ತೊಡಗಿತು. ಈ ಸಂಸ್ಥೆಗೆ ಯಾರನ್ನೂ ದಂಡಿಸುವ ಅಧಿಕಾರವಿಲ್ಲ. ಐದು ವರ್ಷಕ್ಕೊಮ್ಮೆ ಯೂರೋಪಿನ ನೆಲ, ಜಲ, ವಾಯುಗಳ ಸ್ಥಿತಿ ಹೀಗಿದೆಯೆಂದು ಬರೆದು ಎಲ್ಲರ ಮುಂದಿಡಬೇಕಾದುದು ಅದರ ಕರ್ತವ್ಯ. ತನ್ನನ್ನು ಸಾಕುವ ಸರ್ಕಾರಗಳಿಗೆ ಹಿತವಾಗದ ಮಾತನ್ನೂ ಅದು ಅಚ್ಚುಮಾಡುತ್ತದೆ. ಕಾನೂನಿನ ರಕ್ಷಣೆಯಲ್ಲಿರುವ ತಮ್ಮ ನೈಸರ್ಗಿಕ ನೆಲೆಗಳಲ್ಲಿ ನೂರಕ್ಕೆ ೮೧ರಷ್ಟು ಒಳ್ಳೆಯ ಸ್ಥಿತಿಯಲ್ಲಿಲ್ಲವೆಂದು ೨೦೨೦ರಲ್ಲಿ ಅದು ಬರೆಯಿತು. ರಾಜನ ಸಂಬಳವನ್ನುಂಡು ರಾಜನ ಕೊರತೆಯನ್ನು ಹೇಳುವ ಮಂತ್ರಿಯನ್ನು ನಮ್ಮ ನೀತಿಗ್ರಂಥಗಳು ಹೊಗಳುತ್ತವೆ. ಅಂತಹವನನ್ನು ಹುದ್ದೆಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ಕಟ್ಟುವುದು ಹೊಗಳುವುದಕ್ಕಿಂತ ಕಷ್ಟ.

ಈ ಪ್ರಸಂಗವನ್ನು ನಮ್ಮ ಸಂಘದ ಹಿರಿಯ ಮಿತ್ರರೊಬ್ಬರ ಮುಂದೆ ಹೇಳಿದಾಗ ಅವರು, "ಇನ್ನೂರು ವರ್ಷ ಕಲ್ಲಿದ್ದಲನ್ನು ಸುಟ್ಟು ಲೋಕವನ್ನು ಕಾಯಿಸಿದವರು ಅವರೇ, ಈಗ ಶಾಖದ ಲೆಕ್ಕ ಬರೆಯುವವರೂ ಅವರೇ. ಬೆಕ್ಕು ಕಾಶಿಗೆ ಹೋದ ಕಥೆ!" ಎಂದರು. ಮಾತಿನಲ್ಲಿ ಸತ್ಯವಿದೆ. ಯೂರೋಪಿನವರು ಸತ್ಯಹರಿಶ್ಚಂದ್ರರೆಂದು ನಾನು ಹೇಳುತ್ತಿಲ್ಲ. ೨೦೧೫ರಲ್ಲಿ ಜರ್ಮನಿಯ ಒಂದು ಹೆಸರಾಂತ ಮೋಟಾರು ಸಂಸ್ಥೆಯು, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಅಡಗಿಸಿ ರಸ್ತೆಯ ಮೇಲೆ ಯಥೇಚ್ಛವಾಗಿ ಉಗುಳುವ ಉಪಾಯವನ್ನು ತನ್ನ ಡೀಸೆಲ್ ಗಾಡಿಗಳಲ್ಲಿ ಬಚ್ಚಿಟ್ಟಿದ್ದುದು ಬಯಲಾಯಿತು. ಅದು ಹೊರಬಿದ್ದುದಾದರೂ ಹೇಗೆ? ಅಮೆರಿಕದ ಸಂಶೋಧಕರು ಗಾಡಿಯ ಹಿಂದೆ ಮಾಪಕವನ್ನು ಕಟ್ಟಿ ರಸ್ತೆಯ ಮೇಲೆ ಓಡಿಸಿ ಅಳೆದುದರಿಂದ. ಸುಳ್ಳು ಲೆಕ್ಕಕ್ಕೆ ಮದ್ದು ಮತ್ತೊಂದು ಲೆಕ್ಕವೇ. ಇನ್ನು ಹಳೆಯ ಪಾಪದ ಮಾತು. ಸಾಲಗಾರನೇ ತನ್ನ ಸಾಲದ ಕಡತವನ್ನು ಚೊಕ್ಕವಾಗಿ ಬರೆದು, ಬೀದಿಯಲ್ಲಿ ಬಿಚ್ಚಿಟ್ಟು, ಬೇಕಾದವರು ನೋಡಿರೆಂದರೆ, ಸಾಲ ಕೊಟ್ಟವರು ಆ ಕಡತವನ್ನು ಸುಡಬೇಕೆ, ಹಿಡಿದು ಕೇಳಬೇಕೆ? ಕೋಪರ್ನಿಕಸ್ ಯೋಜನೆಯ ಚಿತ್ರಗಳೂ ಅಂಕಗಳೂ ನಮ್ಮ ಹಳ್ಳಿಯವನಿಗೂ ಕಾಸಿಲ್ಲದೆ ದೊರೆಯುತ್ತವೆ. ನನ್ನ ಶಿಷ್ಯೆ ನಮ್ಮ ಊರಿನ ಕೆರೆಯನ್ನೇ ತನ್ನ ಯಂತ್ರದಲ್ಲಿ ತೋರಿಸಿದಳು. ಬೇಸಗೆಯಲ್ಲಿ ಅದು ಎಷ್ಟು ಹಿಂಜರಿದಿತ್ತೆಂಬುದನ್ನು ನಾನು ನನ್ನ ಜಗಲಿಯಲ್ಲಿ ಕುಳಿತು ಆಕಾಶದಿಂದ ನೋಡಿದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈಗ ಹನ್ನೊಂದು ದಿನಗಳ ಮಾತು.

೧೯೯೧ರ ಜುಲೈ, ಪುನರ್ವಸು ಮಳೆ. ನನ್ನ ಹೆಂಡತಿಗೆ ವಿಷಮಜ್ವರ ಬಂದು ಒಂದು ರಾತ್ರಿ ಮಾತು ತಪ್ಪಿತು. ಸಿಕ್ಕಿದ ಗಾಡಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಳೆಮಾಪಕವನ್ನು ನೋಡಿಕೊಳ್ಳೆಂದು ಯಾರಿಗೂ ಹೇಳಲಿಲ್ಲ, ಹೇಳಬೇಕೆಂಬುದೇ ನೆನಪಾಗಲಿಲ್ಲ. ಹನ್ನೊಂದು ದಿನ ಅವಳ ಮಂಚದ ಬಳಿಯಲ್ಲಿದ್ದೆ. ದೇವರ ದಯೆಯಿಂದ ಗುಣವಾಯಿತು. ಹಿಂತಿರುಗಿ ಬಂದು ನೋಡಿದರೆ ಸೀಸೆ ತುಂಬಿ ಹೊರಚೆಲ್ಲಿ ಹೋಗಿತ್ತು. ಕಡತದಲ್ಲಿ ಹನ್ನೊಂದು ಮನೆಗಳು ಖಾಲಿ. ನೆರೆಯವರನ್ನು ಕೇಳಿದೆ. ಒಬ್ಬನು ಜೋರು ಮಳೆಯೆಂದನು. ಒಬ್ಬನು ಎರಡು ದಿನ ಹೊಳವಾಗಿತ್ತೆಂದನು. ಹಿಂದಿನ ವರ್ಷಗಳ ಪುನರ್ವಸುವನ್ನು ನೋಡಿ, ಅಂದಾಜು ಕಟ್ಟಿ, ಹನ್ನೊಂದು ಅಂಕಗಳನ್ನು ಬರೆದೆ. ಒಂದು ದಿನಕ್ಕೆ ಹೆಚ್ಚು, ಒಂದು ದಿನಕ್ಕೆ ಕಡಿಮೆ, ನಂಬಿಕೆಯಾಗುವಂತೆ ದಶಾಂಶಗಳನ್ನೂ ಹಾಕಿದೆ. ಆ ದಶಾಂಶಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮುಂದಿನ ವರ್ಷ ಕಡತವನ್ನು ನೋಡಲು ಬಂದ ಅಧಿಕಾರಿಗಳು, "ಒಂದು ದಿನವೂ ತಪ್ಪಿಲ್ಲ, ಎಲ್ಲರೂ ಹೀಗೆ ಬರೆದರೆ ಎಷ್ಟು ಚೆನ್ನು!" ಎಂದು ಸಹಶಿಕ್ಷಕರ ಮುಂದೆ ಹೊಗಳಿದರು. ನಾನು ಕೈಮುಗಿದೆ.

ಬೆಳಗ್ಗೆ ಸ್ನಾನ ಮುಗಿಸಿ ಬಂದು, ಐದನೆಯ ಪುಸ್ತಕವನ್ನು ಶಿಷ್ಯೆಯ ಮುಂದಿಟ್ಟು, ಇದ್ದುದನ್ನು ಇದ್ದಂತೆ ಹೇಳಿದೆ. ನೋಡಿ ಬರೆ, ನೋಡದುದನ್ನು ಬರೆಯಬೇಡವೆಂದು ಇವಳಿಗೇ ಆ ಮಾಪಕದ ಬಳಿ ನಿಲ್ಲಿಸಿ ಹೇಳಿಕೊಟ್ಟಿದ್ದೆನು. ಅವಳು ಸ್ವಲ್ಪ ಹೊತ್ತು ಪುಟವನ್ನು ನೋಡುತ್ತಿದ್ದಳು. "ಹೇಳಿದ್ದು ಒಳ್ಳೆಯದಾಯಿತು" ಎಂದಳು. ಸಮಾಧಾನದ ಮಾತು ಬೇರೆ ಹೇಳಲಿಲ್ಲ. ಅದಕ್ಕಾಗಿ ಅವಳ ಮೇಲೆ ನನಗೆ ಗೌರವ ಹೆಚ್ಚಿತು. ಆಮೇಲೆ ತನ್ನ ಯಂತ್ರವನ್ನು ತೆರೆದು ಒಂದು ಸಂಗತಿಯನ್ನು ತೋರಿಸಿದಳು.

ಅವರ ಕೇಂದ್ರವು ಹಿಂದೆ ಆದ ಹವೆಯನ್ನು ಮತ್ತೆ ಗಣಿಸಿ ಕಟ್ಟುತ್ತದೆ. ೧೯೪೦ರಿಂದ ಇಂದಿನವರೆಗೆ, ಗಂಟೆಗಂಟೆಗೂ, ಇಡಿಯ ಭೂಮಂಡಲಕ್ಕೆ. ನೆಲದ ಠಾಣೆಗಳು, ಹಡಗುಗಳು, ಬಾನಿಗೆ ಹಾರಿಸಿದ ಬಲೂನುಗಳು, ಉಪಗ್ರಹಗಳು, ಇವೆಲ್ಲ ಕಂಡುದನ್ನು ಭೌತಶಾಸ್ತ್ರದ ಸೂತ್ರಗಳಿಂದ ಹೊಸೆದು, ಯಾರೂ ನೋಡದ ಸ್ಥಳದಲ್ಲಿ ಯಾರೂ ನೋಡದ ಗಳಿಗೆಯಲ್ಲಿ ಹವೆ ಹೇಗಿದ್ದಿರಬೇಕೆಂದು ಹೇಳುತ್ತದೆ. "ಹಾಗಾದರೆ ನೀವೂ ನನ್ನ ಹಾಗೆಯೇ ಖಾಲಿ ಮನೆಗಳನ್ನು ತುಂಬುತ್ತೀರಲ್ಲ!" ಎಂದೆ. "ತುಂಬುತ್ತೇವೆ. ಆದರೆ ಇದು ಗಣಿತದಿಂದ ಬಂದುದೆಂದು ಅದರ ಹಣೆಯ ಮೇಲೆ ಬರೆದಿರುತ್ತೇವೆ. ಎಷ್ಟರಮಟ್ಟಿಗೆ ತಪ್ಪಿರಬಹುದೆಂಬ ಅಂದಾಜನ್ನೂ ಪಕ್ಕದಲ್ಲಿ ಇಡುತ್ತೇವೆ. ಈ ಗಣಿತವನ್ನು ಒರೆಗೆ ಹಚ್ಚುವುದಕ್ಕೆ ನೆಲದ ಮೇಲೆ ನಿಜವಾಗಿ ಅಳೆದ ಮಳೆ ಬೇಕು. ಅದಕ್ಕಾಗಿಯೇ ನಿಮ್ಮ ಪುಸ್ತಕಗಳನ್ನು ಕೇಳಿದೆ" ಎಂದಳು. ಖಾಲಿ ಬಿಟ್ಟ ಮನೆಯಿಂದ ತಮಗೆ ತೊಂದರೆಯಿಲ್ಲವಂತೆ. ಸುತ್ತಲಿನ ಊರುಗಳಿಂದ ಅಂದಾಜು ಮಾಡಬಹುದು. ಅಳೆದಂತೆ ನಟಿಸುವ ಅಂಕವು ಸುತ್ತಲಿನ ಊರುಗಳ ನಿಜವನ್ನೂ ಸಂಶಯಕ್ಕೆ ತಳ್ಳುತ್ತದೆ.

ನಾನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪ್ರಮಾಣಶಾಸ್ತ್ರವು ಅರವತ್ತೇಳನೆಯ ವಯಸ್ಸಿನಲ್ಲಿ ನನಗೆ ಅರ್ಥವಾಯಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಕಣ್ಣಿನಿಂದ ಕಂಡುದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದರೆ ಅನುಮಾನ. ಎರಡೂ ಪ್ರಮಾಣಗಳೇ, ಅನುಮಾನವು ಕೀಳಲ್ಲ. ಅನುಮಾನಕ್ಕೆ ಪ್ರತ್ಯಕ್ಷದ ವೇಷ ಹಾಕುವುದು ಕೀಳು. ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯೆಂಬ ಇನ್ನೊಂದು ಪ್ರಮಾಣವನ್ನು ಹೇಳುತ್ತಾರೆ. ಬೆಳಕಿರುವ ಕೋಣೆಯಲ್ಲಿ ನೋಡಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲು ಬರುವುದಿಲ್ಲ. ಇದ್ದಿದ್ದರೆ ಕಾಣುತ್ತಿದ್ದಿತೆಂಬ ಯೋಗ್ಯತೆ ಇರಬೇಕು. ಮಳೆಯ ಕಡತದಲ್ಲಿ ಸೊನ್ನೆಗೂ ಖಾಲಿ ಮನೆಗೂ ಇರುವ ಭೇದ ಇದೇ. ಹೋಗಿ ನೋಡಿ ಸೀಸೆ ಒಣಗಿದ್ದರೆ ಸೊನ್ನೆ. ಹೋಗದೆ ಇದ್ದರೆ ಖಾಲಿ. ಇಷ್ಟನ್ನು ನಾನು ಮಕ್ಕಳಿಗೆ ಗಡಿಗೆಯ ದೃಷ್ಟಾಂತದಿಂದ ಎಷ್ಟೋ ಸಲ ಪಾಠ ಹೇಳಿದ್ದೆ. ಬಾನ್ ನಗರದವರು ನ್ಯಾಯಶಾಸ್ತ್ರವನ್ನು ಓದಿದವರಲ್ಲ. ಕಡತದಲ್ಲಿ ಅದನ್ನು ನಡೆಸುವವರು ಅವರಾದರು.

ಅವರ ಗಣಿತವು ಆ ಹನ್ನೊಂದು ದಿನಗಳಿಗೆ ಏನು ಹೇಳುತ್ತದೆಯೆಂದು ಕೇಳಿದೆ. ಅವಳು ತೆಗೆದು ನೋಡಿದಳು. ಮಳೆಯ ಹೆಚ್ಚಿನ ಪಾಲು ಮೊದಲ ಕೆಲವು ದಿನಗಳಲ್ಲಿ ಬಿದ್ದಂತೆ ಅದರಲ್ಲಿ ಕಾಣುತ್ತಿದ್ದಿತು. ನಾನು ಎಲ್ಲ ದಿನಕ್ಕೂ ಹದವಾಗಿ ಹಂಚಿದ್ದೆ. "ಆದರೆ ಇದನ್ನೂ ಸಾಕ್ಷಿಯೆಂದು ತಿಳಿಯಬೇಡಿ" ಎಂದು ಅವಳೇ ಎಚ್ಚರಿಸಿದಳು. ಅವರ ಲೆಕ್ಕದ ಒಂದೊಂದು ಮನೆಯೂ ಸುಮಾರು ೩೧ ಕಿಲೋಮೀಟರು ಅಗಲ. ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆಯಾಗುವ ನಮ್ಮ ಊರಿನ ಮಾಪಕಕ್ಕೆ ಅದು ಸಾಕ್ಷಿಯಾಗಲಾರದು. ಹಾಗೆಂದರೆ ಆ ಹನ್ನೊಂದು ದಿನ ನಮ್ಮ ಶಾಲೆಯ ಬಯಲಿನಲ್ಲಿ ಎಷ್ಟು ಮಳೆಯಾಯಿತೆಂಬುದು ಇನ್ನು ಯಾವ ಲೋಕದಲ್ಲಿಯೂ ಇಲ್ಲ.

ಇಷ್ಟನ್ನೂ ಒಳಗಿನಿಂದ ಕೇಳುತ್ತಿದ್ದ ನನ್ನ ಹೆಂಡತಿ ಕಾಫಿಯನ್ನು ತಂದಿಟ್ಟು, "ಆ ಹನ್ನೊಂದು ದಿನ ಕಿಟಕಿಯ ಹೊರಗೆ ಮಳೆ ಬರುತ್ತಿದ್ದುದನ್ನು ಕೂಡ ನೀವು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಿರಿ. ಅದನ್ನೇ ಬರೆದಿದ್ದರೆ ಆಗುತ್ತಿರಲಿಲ್ಲವೆ?" ಎಂದಳು. ಕಡತದಲ್ಲಿ 'ಷರಾ' ಎಂಬ ಒಂದು ಅಂಕಣವುಂಟು. ಮೂವತ್ತೊಂದು ವರ್ಷಗಳಲ್ಲಿ ನಾನು ಅದರಲ್ಲಿ ಬರೆದುದು ಬಹಳ ಸ್ವಲ್ಪ.

ಕೆಂಪು ಸೀಸದ ಕಡ್ಡಿಯಿಂದ ಹನ್ನೊಂದು ಅಂಕಗಳ ಮೇಲೂ ಗೆರೆಯೆಳೆದೆ, ಹಳೆಯ ಅಂಕ ಓದುವುದಕ್ಕೆ ಬರುವಂತೆ. ಅಳಿಸಿದರೆ ಅದು ಎರಡನೆಯ ಸುಳ್ಳಾಗುತ್ತಿದ್ದಿತು. ಷರಾದಲ್ಲಿ, "ಅಳೆದುದಲ್ಲ. ಬರೆಯುವವನು ಊರಿನಲ್ಲಿರಲಿಲ್ಲ" ಎಂದು ಬರೆದು, ಅಂದಿನ ತಾರೀಖು ಹಾಕಿ ರು‌ಜು ಮಾಡಿದೆ. ಶಿಷ್ಯೆ ಆ ಪುಟದ ಚಿತ್ರವನ್ನೂ ಉಳಿದ ಪುಟಗಳ ಹಾಗೆಯೇ ತೆಗೆದುಕೊಂಡಳು. ಅವಳು ಹೊರಟ ಮೇಲೆ, ಪ್ರತಿ ಕಳುಹಿಸುತ್ತಿದ್ದ ಮೇಲಿನ ಕಚೇರಿಗೂ ಒಂದು ಕಾಗದವನ್ನು ಬರೆದು ಅಂಚೆಗೆ ಹಾಕಿ ಬಂದೆ.

ಈಗ ಮನೆಯ ಹಿತ್ತಲಿನಲ್ಲಿ ಒಂದು ಮಾಪಕವನ್ನು ನೆಡಿಸಿದ್ದೇನೆ. ಎಂಟೂವರೆಗೆ ಹಳೆಯ ಕೊಡೆ, ಹೊಸ ಕಡತ. ಈ ಪುಸ್ತಕವನ್ನು ಯಾರು ಯಾವಾಗ ಯಾವುದಕ್ಕೆ ಕೇಳುತ್ತಾರೆಂಬುದು ನನ್ನ ಚಿಂತೆಯಲ್ಲ. ಮಳೆಯಲ್ಲಿ ಗೊಬ್ಬರವನ್ನು ಅಳೆದವರಿಗೂ ಅದು ತಿಳಿದಿರಲಿಲ್ಲ. ದೀಪಾವಳಿಗೆ ಮಗಳ ಮನೆಗೆ ಹೋಗಿ ಮೂರು ದಿನ ಇದ್ದು ಬಂದೆವು. ಆಗ ನಮ್ಮೂರಿನಲ್ಲಿ ಮಳೆ ಬಂದಿತ್ತೆಂದು ನೆರೆಯವರು ಹೇಳಿದರು. ಆ ಮೂರು ಮನೆಗಳನ್ನು ಖಾಲಿ ಬಿಟ್ಟಿದ್ದೇನೆ.